ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಯಾಕೆ ಬರೆ?

ಗೇಮ್ ಬರೆಯೋಕೆ ಕೈ ಹಾಕಿದವರಿಗೆಲ್ಲ ಒಂದಲ್ಲ ಒಂದು ದಿನ ಈ ವಿಚಿತ್ರ ಎದುರಾಗುತ್ತೆ. ಗುಂಡು ತಗುಲಿದ್ದು ಒಂದು ಶತ್ರುವಿಗೆ, ಸ್ಕ್ರೀನ್‌ನಿಂದ ಮಾಯವಾಗಿದ್ದು ಇನ್ನೊಂದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಥೇಟ್ ಹಾಗೆ. ಲಿಸ್ಟ್‌ನಿಂದ ಒಂದು ವಸ್ತುವನ್ನು ತೆಗೆಯೋದನ್ನ ನಮಗೆ ಅರ್ಧ ಮಾತ್ರ ಕಲಿಸ್ತಾರೆ, ಉಳಿದರ್ಧವೂ ಲ್ಯಾಬ್‌ಗೆ ಬರಬೇಕು ಅನ್ನೋದು ನಮ್ಮ ವಾದ.

ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್‌ನಲ್ಲಿ ನಾವು ಬರೆಯೋ ಪ್ರೋಗ್ರಾಂ ಹೆಚ್ಚುಕಮ್ಮಿ ಒಂದೇ ಥರ: ಇಷ್ಟನೇ ಸ್ಥಾನದಲ್ಲಿ ಇರುವುದನ್ನು ತೆಗೆಯಿರಿ. ಔಟ್‌ಪುಟ್ ಬಂತು, ರೆಕಾರ್ಡ್‌ಗೆ ಸಹಿ ಬಿತ್ತು, ಮುಗೀತು. ಆದ್ರೆ ಗೇಮ್‌ಗೆ ಸ್ಥಾನ ಮುಖ್ಯ ಅಲ್ಲ. ಗುಂಡು ಯಾವುದಕ್ಕೆ ತಗುಲಿತೋ ಅದೇ ಹೋಗಬೇಕು, ಅಷ್ಟೇ.

ಜಪಾನಿನ ಟೈಟೋ ಕಂಪನಿ 1978ರಲ್ಲಿ ತಂದ ಸ್ಪೇಸ್ ಇನ್‌ವೇಡರ್ಸ್ ಗೇಮನ್ನೇ ತಗೊಳ್ಳಿ. 5 ಸಾಲು, ಸಾಲಿಗೆ 11, ಒಟ್ಟು 55 ಶತ್ರುಗಳು. ಅದನ್ನ ಇವತ್ತು ಪೈಥಾನ್‌ನಲ್ಲಿ ಬರೀತೀವಿ ಅಂದ್ಕೊಳ್ಳಿ. 55 ಆಬ್ಜೆಕ್ಟ್‌ಗಳನ್ನು ಒಂದು ಲಿಸ್ಟ್‌ಗೆ ಹಾಕಿ, ಪ್ರತಿ ಫ್ರೇಮ್‌ಗೂ ಲೂಪ್ ಓಡಿಸಿ, ಗುಂಡು ತಗುಲಿದ್ದನ್ನು ಲೂಪ್ ಒಳಗೇ ತೆಗೆದುಬಿಡ್ತೀವಿ. ಮೊದಲ ಎಡವಟ್ಟು ಇಲ್ಲೇ. ಇಂಡೆಕ್ಸ್ 1ರಲ್ಲಿ ಇದ್ದದ್ದನ್ನು ತೆಗೆದ ಕೂಡಲೇ 2ರಲ್ಲಿ ಇದ್ದದ್ದು 1ಕ್ಕೆ ಜಾರುತ್ತೆ. ಲೂಪ್ ಮಾತ್ರ ತನ್ನ ಪಾಡಿಗೆ 2ಕ್ಕೆ ಹೋಗುತ್ತೆ. ಜಾರಿ ಬಂದ ಶತ್ರುವನ್ನು ಆ ಫ್ರೇಮ್‌ನಲ್ಲಿ ಯಾರೂ ಕೇಳೋದೇ ಇಲ್ಲ. ಅದಕ್ಕೂ ಗುಂಡು ತಗುಲಿದ್ರೆ ಲೆಕ್ಕಕ್ಕೆ ಬರಲ್ಲ. ಪೈಥಾನ್ ಎರರ್ ಕೂಡ ಕೊಡಲ್ಲ. ಜಾವಾದ ಅರೇಲಿಸ್ಟ್ ಆದ್ರೆ ಸಾಮಾನ್ಯವಾಗಿ ಎಕ್ಸೆಪ್ಶನ್ ಎಸೆದು ಬೈಯುತ್ತೆ. ಬೈಯೋದೇ ವಾಸಿ.

ಎರಡನೇ ಎಡವಟ್ಟು ಇನ್ನೂ ಸೂಕ್ಷ್ಮ. ಪೈಥಾನ್‌ನ ರಿಮೂವ್, ನಾವು ಕೊಟ್ಟದ್ದಕ್ಕೆ ಸಮ ಅನ್ನಿಸಿದ ಮೊದಲನೆಯದನ್ನು ತೆಗೆಯುತ್ತೆ. ಆಟಗಾರನ ಚೀಲದಲ್ಲಿ ಒಂದೇ ಹೆಸರಿನ, ಒಂದೇ ಶಕ್ತಿಯ ಎರಡು ಕತ್ತಿಗಳಿವೆ ಅನ್ನಿ. ಕತ್ತಿಯನ್ನು ಡೇಟಾಕ್ಲಾಸ್ ಆಗಿ ಬರೆದಿದ್ರೆ, ಒಳಗಿನ ವ್ಯಾಲ್ಯೂಗಳೆಲ್ಲ ಒಂದೇ ಆಗಿರೋದರಿಂದ ಎರಡೂ ಪೈಥಾನ್‌ಗೆ ಸಮ. ಆಟಗಾರ ಎಸೆದದ್ದು ಎರಡನೆಯದು, ಹೋಗಿದ್ದು ಮೊದಲನೆಯದು.

ಇದು ಅರ್ಥ ಆಗೋಕೆ ನಮ್ಮ ಕ್ಲಾಸ್‌ರೂಮೇ ಸಾಕು. ಮೂರನೇ ಬೆಂಚಿನ ಎರಡನೆಯವರು ಅಂತ ಅಟೆಂಡೆನ್ಸ್ ಹಾಕಿದ್ರೆ, ಒಬ್ಬರು ಎದ್ದು ಹೋಗಿ ಉಳಿದವರು ಸರಿದು ಕೂತ ತಕ್ಷಣ ಲೆಕ್ಕ ತಪ್ಪುತ್ತೆ. ಹೆಸರಿನ ಮೇಲೆ ಹಾಕೋಣ ಅಂದ್ರೆ ಒಂದೇ ಹೆಸರಿನವರು ಇಬ್ಬರು ಇರ್ತಾರೆ. ಅದಕ್ಕೇ ಅಲ್ವಾ ಯುಎಸ್‌ಎನ್ ಇರೋದು? ಸೀಟು ಬದಲಾದ್ರೂ, ಹೆಸರು ಒಂದೇ ಆದ್ರೂ ಅದು ಬದಲಾಗಲ್ಲ. ಗೇಮ್‌ನ ಪ್ರತಿ ಆಬ್ಜೆಕ್ಟ್‌ಗೂ ಅಂಥದ್ದೊಂದು ಐಡಿ ಇರಲಿ. ಲೂಪ್ ಓಡುವಾಗ ಯಾರನ್ನೂ ತೆಗೆಯೋದು ಬೇಡ, "ಇದು ಸತ್ತಿದೆ" ಅಂತ ಗುರುತು ಮಾತ್ರ ಹಾಕೋಣ. ಲೂಪ್ ಮುಗಿದ ಮೇಲೆ ಬದುಕಿರೋದನ್ನೆಲ್ಲ ಆರಿಸಿ ಹೊಸ ಲಿಸ್ಟ್ ಮಾಡೋಣ.

ಇದು ನಾವು ಕಂಡುಹಿಡಿದ ಜಾಣತನ ಏನಲ್ಲ. ಯೂನಿಟಿಯಲ್ಲಿ ಡಿಸ್ಟ್ರಾಯ್ ಅಂತ ಕರೆದ್ರೆ ಆಬ್ಜೆಕ್ಟ್ ಆ ಕ್ಷಣವೇ ಹೋಗಲ್ಲ, ಆ ಫ್ರೇಮ್‌ನ ಅಪ್‌ಡೇಟ್ ಮುಗಿಯೋವರೆಗೆ ಕಾಯುತ್ತೆ. ಗೊಡೋದಲ್ಲಿ ಇದೇ ಕೆಲಸಕ್ಕೆ ಕ್ಯೂ ಫ್ರೀ ಇದೆ.

"ಎಂಜಿನ್ನೇ ನೋಡ್ಕೊಳ್ಳುತ್ತೆ ಅಂದ್ಮೇಲೆ ನಮಗ್ಯಾಕೆ?" ಅಂತ ಕೇಳೋರಿದ್ದಾರೆ. ಎಂಜಿನ್ ನೋಡ್ಕೊಳ್ಳೋದು ತನ್ನ ಲಿಸ್ಟನ್ನ. ನಾವು ಬರೆದ ಚೀಲದ ಲಿಸ್ಟ್, ಸ್ಕೋರ್ ಲಿಸ್ಟ್ ನಮ್ಮ ಹೊಣೆಯೇ. ಗೇಮ್‌ನಲ್ಲಿ ತಪ್ಪು ಶತ್ರು ಸತ್ರೆ ನಕ್ಕು ಸುಮ್ಮನಾಗಬಹುದು. ನಾಳೆ ನಮ್ಮಲ್ಲೇ ಯಾರೋ ಟಿಕೆಟ್ ರದ್ದು ಮಾಡೋ ಸಾಫ್ಟ್‌ವೇರ್ ಬರೀತಾರೆ. ಒಂದೇ ಹೆಸರಿನ ಇಬ್ಬರು ಪ್ರಯಾಣಿಕರಲ್ಲಿ ತಪ್ಪಾದವರ ಟಿಕೆಟ್ ರದ್ದಾದ್ರೆ ಸ್ಟೇಷನ್‌ನಲ್ಲಿ ನಿಂತವರಿಗೆ ನಗು ಬರಲ್ಲ.

ಆದ್ದರಿಂದ ನಮ್ಮ ಬೇಡಿಕೆ ಚಿಕ್ಕದು. ಲ್ಯಾಬ್‌ನಲ್ಲಿ ಒಂದೇ ಒಂದು ಪ್ರೋಗ್ರಾಂ ಸೇರಿಸಿ: 55 ಶತ್ರುಗಳು, ಅಕ್ಕಪಕ್ಕದ ಎರಡಕ್ಕೆ ಒಂದೇ ಫ್ರೇಮ್‌ನಲ್ಲಿ ಗುಂಡು. ಔಟ್‌ಪುಟ್ 53 ಅಂತ ಬಂದ ಮಾತ್ರಕ್ಕೆ ಸಹಿ ಹಾಕಬೇಡಿ. ಯಾವ 53 ಉಳಿದವು ಅಂತ ಕೇಳಿ.