ಯಾರೂ ಔಟಾಗದ ಆಟ ಬೇಕು

ಶಾಲೆ ಶುರುವಾದ ಹೊಸತರಲ್ಲಿ ಆರನೆಯ ತರಗತಿಯನ್ನು ಗಮನಿಸಿದ್ದೀರಾ? ಕೆಲವು ಶಾಲೆಗಳಿಗೆ ಸುತ್ತಲಿನ ಊರುಗಳ ಕಿರಿಯ ಪ್ರಾಥಮಿಕ ಶಾಲೆಗಳಿಂದ ಮಕ್ಕಳು ಬಂದಿರುತ್ತಾರೆ. ಒಂದೂರಿನವರು ಒಂದು ಕಡೆ, ಇನ್ನೊಂದೂರಿನವರು ಇನ್ನೊಂದು ಕಡೆ ಕೂರುತ್ತಾರೆ. ಈ ಸಂಕೋಚ ಬಿಡಿಸಲು ಶಿಕ್ಷಕರು ಆಟ ಆಡಿಸುತ್ತಾರೆ. ಒಳ್ಳೆಯದೇ. ಆದರೆ ಎಲ್ಲ ಆಟಗಳೂ ಸ್ನೇಹ ಬೆಳೆಸುವುದಿಲ್ಲ. ಮೊದಲ ವಾರ ಯಾರೂ ಔಟಾಗದ, ಎಲ್ಲರೂ ಸೇರಿದರೆ ಮಾತ್ರ ಗೆಲ್ಲುವ ಆಟಗಳನ್ನೇ ಆಡಬೇಕು ಎಂಬುದು ನನ್ನ ಅಭಿಪ್ರಾಯ.

ಕೆರೆ-ದಡ ಆಟವನ್ನೇ ನೋಡಿ. ತಪ್ಪಿ ಜಿಗಿದವರು ಔಟ್. ಹೊಸಬರು, ಅಂಜುವವರು ಮೊದಲೇ ಔಟಾದರೆ ಬದಿಯಲ್ಲಿ ಸುಮ್ಮನೆ ಕೂರಬೇಕು. ಯಾರಿಗಾಗಿ ಆಟ ಶುರುವಾಯಿತೋ ಅವರೇ ಹೊರಗೆ!

ಈ ವಿಷಯದಲ್ಲಿ ಒಂದು ಹೆಸರಾಂತ ಪ್ರಯೋಗವಿದೆ. 1954ರಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ ಮುಜಫರ್ ಶೆರಿಫ್ ಎಂಬ ಮನೋವಿಜ್ಞಾನಿ ಮತ್ತು ಸಂಗಡಿಗರು ಸುಮಾರು 11 ವರ್ಷದ 22 ಹುಡುಗರಿಗೆ ಬೇಸಿಗೆ ಶಿಬಿರ ನಡೆಸಿದರು. ಎರಡು ಗುಂಪು ಮಾಡಿ ಹಗ್ಗಜಗ್ಗಾಟ, ಬೇಸ್‌ಬಾಲ್ ಪಂದ್ಯಗಳನ್ನು ಏರ್ಪಡಿಸಿದರು. ಗೆದ್ದವರಿಗೆ ಬಹುಮಾನ. ಕೆಲವೇ ದಿನಗಳಲ್ಲಿ ಬೈದಾಟ ಶುರುವಾಯಿತು. ಒಂದು ಗುಂಪು ಇನ್ನೊಂದರ ಬಾವುಟ ಸುಟ್ಟಿತು. ಒಟ್ಟಿಗೆ ಊಟಕ್ಕೆ ಕೂರಿಸಿದರೂ, ಸಿನಿಮಾ ತೋರಿಸಿದರೂ ಜಗಳ ನಿಲ್ಲಲಿಲ್ಲ.

ಕೊನೆಗೆ ಸಂಶೋಧಕರು ಎಲ್ಲರಿಗೂ ಬೇಕಾದ ಕೆಲಸಗಳನ್ನು ಮುಂದಿಟ್ಟರು. ಶಿಬಿರದ ನೀರು ನಿಂತಿತು. ಎರಡೂ ಗುಂಪು ಸೇರಿ ಕಾರಣ ಹುಡುಕಿತು. ಊಟ ತರುವ ಲಾರಿ ಸ್ಟಾರ್ಟ್ ಆಗಲಿಲ್ಲ. ಹಗ್ಗಜಗ್ಗಾಟದ ಹಗ್ಗವನ್ನೇ ಕಟ್ಟಿ ಎಲ್ಲರೂ ಎಳೆದರು. ಎದುರುಬದುರು ಎಳೆದಾಗ ಜಗಳ ತಂದ ಹಗ್ಗ, ಒಂದೇ ಕಡೆ ಎಳೆದಾಗ ಸ್ನೇಹಕ್ಕೆ ನೆರವಾಯಿತು. ಇಂಥ ಹಲವು ಕೆಲಸಗಳ ನಂತರ ಹುಡುಗರು ಒಂದೇ ಬಸ್ಸಿನಲ್ಲಿ ಮನೆಗೆ ಹೊರಟರು.

ಒಂದು ಶಿಬಿರದಿಂದ ಎಲ್ಲವನ್ನೂ ತೀರ್ಮಾನಿಸಲಾಗದು, ನಿಜ. ಹುಡುಗರಿಗೆ ತಿಳಿಸದೆ ಹೀಗೆ ಮಾಡಿದ್ದು ಸರಿಯಲ್ಲ ಎಂಬ ಟೀಕೆಯೂ ಇದೆ. ಆದರೂ ಒಂದು ಮಾತು ಸ್ಪಷ್ಟ. ಅಕ್ಕಪಕ್ಕ ಕೂತ ಮಾತ್ರಕ್ಕೆ ಸ್ನೇಹ ಬೆಳೆಯದು, ಒಬ್ಬರಿಗೊಬ್ಬರು ಬೇಕಾಗಬೇಕು.

ನಮ್ಮ ಕೆರೆ-ದಡವನ್ನೇ ಸ್ವಲ್ಪ ಬದಲಿಸೋಣ. ನೆಲದ ಮೇಲೆ ದೊಡ್ಡ ವೃತ್ತ ಬರೆಯಿರಿ. ಅದೇ ದಡ. 'ದಡ' ಎಂದಾಗ ಎಲ್ಲರೂ ಒಳಗೆ ಬರಬೇಕು. ಪ್ರತಿ ಸಲ ವೃತ್ತವನ್ನು ಚಿಕ್ಕದು ಮಾಡಿ. ಒಬ್ಬರ ಕಾಲು ಹೊರಗಿದ್ದರೂ ಎಲ್ಲರೂ ಸೋತಂತೆ. ಆಗ ಹೊಸಬರ ಕೈಯನ್ನೂ ಹಿಡಿದು ಒಳಗೆ ಕರೆದುಕೊಳ್ಳಲೇಬೇಕು! ಓಡಲಾಗದವರು ವೃತ್ತ ಬರೆಯಲಿ, 'ದಡ' ಎಂದು ಕೂಗಲಿ.

ಹಾಗಾದರೆ ಕಬಡ್ಡಿ, ಖೋ ಖೋ ಬೇಡವೆ? ಖಂಡಿತ ಬೇಕು. ಪರಿಚಯವಾದ ಮೇಲೆ ಆಡಿ. ಆದರೆ ಊರಿಗೊಂದು ತಂಡ ಮಾಡಬೇಡಿ, ಬೆರೆಸಿ ತಂಡ ಕಟ್ಟಿ. ಗಿಡಗಳಿಗೆ ನೀರು ಹಾಕುವಾಗ, ಪ್ರಯೋಗ ಮಾಡುವಾಗಲೂ ಹೀಗೆಯೇ ಬೆರೆಯಿರಿ.

ನನ್ನ ಮಾತನ್ನು ಹಾಗೆಯೇ ನಂಬಬೇಡಿ, ಪರೀಕ್ಷಿಸಿ. ಮೊದಲ ದಿನ ನಿಮಗೆ ಗೊತ್ತಿರುವ ಸಹಪಾಠಿಗಳ ಹೆಸರು ಬರೆದಿಡಿ. ವಾರದ ನಂತರ ಮತ್ತೆ ಬರೆಯಿರಿ. ಪಟ್ಟಿಗೆ ಎಷ್ಟು ಹೆಸರು ಸೇರಿವೆ, ಇನ್ನೂ ಯಾರ ಹೆಸರು ಸೇರಿಲ್ಲ ಎಂದು ನೋಡಿ. ಮರುದಿನದ ಆಟಕ್ಕೆ ಅವರನ್ನೇ ಮೊದಲು ಕರೆಯಿರಿ.