ಹುಳು ಜ್ವರಕ್ಕೆ ಕೂರುವ ಕಥೆ ಅಂಗನವಾಡಿಗೆ ಬೇಕು

ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಬಾರದೆಂದು 2024ರಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತರು. ಅದೇ ವರ್ಷ ಬೆಂಗಳೂರಿನ 250 ಅಂಗನವಾಡಿಗಳಿಗೆ ‘ಸರ್ಕಾರಿ ಮಾಂಟೆಸ್ಸರಿ’ ಎಂಬ ಹೆಸರು ಬಂತು. ಮಕ್ಕಳು ಶಿಕ್ಷಣ ಇಲಾಖೆಗೋ, ಅಂಗನವಾಡಿ ನಡೆಸುವ ಇಲಾಖೆಗೋ ಸೇರಬೇಕೆಂಬ ಜಗಳದಲ್ಲಿ, ಒಳಗೆ ಕೂತ ಮಗು ಏನು ಕೇಳುತ್ತದೆ ಎಂಬ ಪ್ರಶ್ನೆ ಹಿಂದೆ ಬಿತ್ತು. ಕಥೆಯ ಹೊತ್ತಿನಲ್ಲಿ ನಿಜಸಂಗತಿಯ ಪುಸ್ತಕಗಳೂ ಇರಬೇಕು, ಮಕ್ಕಳು ಅವನ್ನು ಮೈಕೈ ಆಡಿಸುತ್ತ ಕೇಳಬೇಕು ಎನ್ನುವುದು ನನ್ನ ವಾದ. ಆರರೊಳಗಿನ ಮಗು ಮೊದಲು ಕಣ್ಣೆದುರಿನ ಲೋಕವನ್ನು ಅರಿಯಲಿ, ಕೈಯಾಡಿಸಿ, ನಡೆದಾಡಿ ಅರಿಯಲಿ ಎಂದವರೇ ಮರಿಯಾ ಮಾಂಟೆಸ್ಸರಿ. ಅವರ ಹೆಸರನ್ನು ಬೋರ್ಡಿಗೆ ತಂದವರು ಅವರ ಮಾತನ್ನೂ ಒಳಗೆ ತರಬೇಕು.

ಕೋಲಾರ ಜಿಲ್ಲೆಯಲ್ಲಿ ಇದಕ್ಕೆ ಬೇಕಾದ್ದೆಲ್ಲ ಮನೆ ಬಾಗಿಲಲ್ಲೇ ಇದೆ. ರೇಷ್ಮೆಹುಳುವಿನ ಮೇಲೆ ಎಂಟು ಪುಟದ ಚಿತ್ರಪುಸ್ತಕ ಸಾಕು. ಟೀಚರ್ ಓದುತ್ತಿದ್ದಂತೆ ಮಕ್ಕಳು ಚಾಪೆಯ ಮೇಲೆ ತೆವಳಿ ಸೊಪ್ಪು ಮೇಯಲಿ. ‘ಜ್ವರ’ (ಪೊರೆ ಕಳಚುವ ಮೊದಲು ಹುಳು ಅಲ್ಲಾಡದೆ ಇರುವ ಹೊತ್ತು) ಎಂದ ಕೂಡಲೇ ತಲೆಯೆತ್ತಿ ಅಲ್ಲಾಡದೆ ಕೂರಲಿ. ಹುಳು ನಾಲ್ಕು ಸಲ ಜ್ವರಕ್ಕೆ ಕೂತು ಪೊರೆ ಕಳಚುತ್ತದೆ. ಮಕ್ಕಳೂ ನಾಲ್ಕು ಸಲ ಕೂತೆದ್ದರೆ ಎಣಿಕೆಯೂ ಅಲ್ಲೇ ಬಂತು. ಹಣ್ಣಾದ ಹುಳು ಚಂದ್ರಿಕೆಯಲ್ಲಿ (ಗೂಡು ಕಟ್ಟಲು ಹುಳು ಬಿಡುವ ತಟ್ಟೆಯಲ್ಲಿ) ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತ ಗೂಡು ಕಟ್ಟುವುದನ್ನು ಕುತ್ತಿಗೆ ತಿರುಗಿಸಿಯೇ ತಿಳಿಯುತ್ತಾರೆ. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಅಂಥ ಮಗುವಿಗೆ ಕಂಡರಿಯದ ಅರಮನೆಯ ಕಥೆ ಬರೀ ಸದ್ದಾಗಿ ಉಳಿಯಬಹುದು. ಹುಳುಮನೆಯ, ಮಾವಿನ ತೋಪಿನ, ಮಾಲೂರಿನ ಇಟ್ಟಿಗೆಗೂಡಿನ, ಕೋಲಾರ ಮಾರುಕಟ್ಟೆಯ ಟೊಮೆಟೊ ಬಾಕ್ಸುಗಳ ಪುಸ್ತಕದಲ್ಲಿ ಕನ್ನಡದ ಪದ ವಸ್ತುವಿನ ಜೊತೆಗೇ ಸಿಗುತ್ತದೆ.

‘ಕುಣಿಸೋದಕ್ಕೆ ಕಳಿಸಬೇಕಾ, ಎಬಿಸಿಡಿ ಬರೆಸಿ’ ಎನ್ನುವ ಹೆತ್ತವರ ಆತಂಕ ಸುಳ್ಳಲ್ಲ. ಕೂಲಿ ಮಾಡಿ ಕಾನ್ವೆಂಟಿಗೆ ಫೀಸು ಕಟ್ಟುವವರಿಗೆ ಬರೆದು ತುಂಬಿದ ಪುಟವೇ ಕಣ್ಣಿಗೆ ಕಾಣುವ ಫಲ. ಆದರೆ ಅಕ್ಷರ ಕೂಡಿಸಿ ಓದಿದ್ದು ಅರ್ಥವಾಗಬೇಕಾದರೆ ಆ ಪದ, ಆ ಸಂಗತಿ ಮಗುವಿಗೆ ಮೊದಲೇ ಗೊತ್ತಿರಬೇಕು. ನಿಜಸಂಗತಿಯ ಪುಸ್ತಕಗಳಿಂದ ಮಕ್ಕಳ ಕಲ್ಪನೆ ಬತ್ತಿಹೋಗುತ್ತದೆ ಎಂಬ ಭಯವನ್ನು ನಾನು ಒಪ್ಪುವುದಿಲ್ಲ. 1930ರ ದಶಕದಲ್ಲೇ ಮಕ್ಕಳಿಗಾಗಿ ‘ಬಾಲಪ್ರಪಂಚ’ ಎಂಬ ವಿಶ್ವಕೋಶ ಬರೆದ ಶಿವರಾಮ ಕಾರಂತರೇ ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಕುಣಿಸಿದರು, ನಾಟಕ ಆಡಿಸಿದರು. ಅಜ್ಜಿಕಥೆಯೂ ಇರಲಿ, ಯಾರು ಬೇಡವೆಂದರು? ನಿಜಕ್ಕೂ ಗಟ್ಟಿಯಾದ ಆಕ್ಷೇಪ ಕಾರ್ಯಕರ್ತೆಯರದು. ತೂಕ ನೋಡಿ, ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ವಿವರ ತುಂಬಿ, ಸರ್ವೆಗೆ ಅಲೆದು ಬಂದವರು ಓದುವುದು ಯಾವಾಗ? ಅವರ ದೂರು ನ್ಯಾಯವಾದದ್ದು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ದಿನಕ್ಕೆ ಅರ್ಧ ಗಂಟೆಯನ್ನಾದರೂ ಅವರಿಗೆ ಬಿಡಿಸಿಕೊಡಲಿ, ಮೊದಲ ಪುಸ್ತಕವಾಗಿ ರೇಷ್ಮೆಹುಳುವನ್ನೇ ಅಚ್ಚು ಹಾಕಿಸಲಿ.