ಸಂಕ್ರಾಂತಿಯ ಗೋಡೆಗೆ ಕಾಗದದ ತೆನೆ

ಮಳವಳ್ಳಿಯಿಂದ ನಮ್ಮ ಹಳೆಯ ವಾಚಕರೊಬ್ಬರು ಪತ್ರ ಬರೆದಿರುವರು. ಅವರ ಮಗನೂ ಸೊಸೆಯೂ ಅಮೆರಿಕಾ ದೇಶದಲ್ಲಿ ನೆಲಸಿರುವರು. ಆ ದೇಶದಲ್ಲಿ ನವಂಬರು ತಿಂಗಳಿನ ನಾಲ್ಕನೆಯ ಗುರುವಾರದಂದು ಥ್ಯಾಂಕ್ಸ್‌ಗಿವಿಂಗ್ ಎಂಬ ಹಬ್ಬವನ್ನು ಆಚರಿಸುವುದುಂಟು. ಸುಗ್ಗಿಯ ಕೃತಜ್ಞತೆಯನ್ನು ಸಲ್ಲಿಸುವ ದಿನವೆಂದು ಅದನ್ನು ನಾವು ತಿಳಿಯಬಹುದು. ಆ ಹಬ್ಬಕ್ಕಾಗಿ ಆರು ವರ್ಷದ ಮೊಮ್ಮಗಳು ತನ್ನ ಅಂಗೈಯನ್ನು ಕಾಗದದ ಮೇಲೆ ಊರಿ, ಸುತ್ತಲೂ ಗೆರೆಯೆಳೆದು ಕತ್ತರಿಸಿ, ಹೆಬ್ಬೆರಳನ್ನು ತಲೆಯಾಗಿಯೂ ಉಳಿದ ಬೆರಳುಗಳನ್ನು ಗರಿಗಳಾಗಿಯೂ ಮಾಡಿ, ಟರ್ಕಿ ಕೋಳಿಯನ್ನು ರಚಿಸಿ ಗೋಡೆಗೆ ಅಂಟಿಸಿರುವಳಂತೆ. ಅದರ ಚಿತ್ರವನ್ನು ನೋಡಿ ಅಜ್ಜಿಗೆ ಹಿಗ್ಗು. "ಮಗು ಈ ಸಂಕ್ರಾಂತಿಗೆ ಊರಿಗೆ ಬರುವಳು. ಇಲ್ಲಿಯೂ ಅವಳಿಂದ ಅಂಥದೊಂದನ್ನು ಮಾಡಿಸಬೇಕೆಂದಿದೆ. ಆದರೆ ಹಬ್ಬದ ದಿನ ಗೋಡೆಯ ಮೇಲೆ ಕೋಳಿಯನ್ನು ಕೂರಿಸಲು ಮನಸ್ಸು ಒಪ್ಪದು. ಬೇರೆ ಏನನ್ನಾದರೂ ಸೂಚಿಸುವಿರಾ?" ಎಂದು ಕೇಳಿರುವರು.

ಈ ಪ್ರಶ್ನೆಗೆ ಉತ್ತರವನ್ನು ದೂರ ಹುಡುಕಬೇಕಾಗಿಲ್ಲ. ಮಗುವಿನ ಅದೇ ಅಂಗೈಯನ್ನು ಕಂದು ಬಣ್ಣದ ಕಾಗದದ ಮೇಲೆ ಬಿಡಿಸಿ, ಬೆರಳುಗಳನ್ನು ಒಳಕ್ಕೆ ಬಾಗಿಸಿದರೆ ಅದು ಕೋಳಿಯಲ್ಲ, ರಾಗಿಯ ತೆನೆ. ಹೊಲದಲ್ಲಿ ನಿಂತು ನೋಡಿದವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಕೆಲವು ತಳಿಗಳ ತೆನೆಯು ಬಿಡಿಸಿದ ಹಸ್ತದಂತೆಯೂ ಕೆಲವದು ಮುಚ್ಚಿದ ಮುಷ್ಟಿಯಂತೆಯೂ ಇರುವುದು. ಇಂಗ್ಲಿಷರೂ ಈ ಧಾನ್ಯಕ್ಕೆ ಬೆರಳನ್ನೇ ಸೇರಿಸಿ ಹೆಸರಿಟ್ಟಿರುವರು.

ಮಂಡ್ಯವೆಂದರೆ ಕಬ್ಬು ಎಂದು ಇಂದಿನವರು ಹೇಳುವರು. ಆದರೆ ಈ ಸೀಮೆಯಲ್ಲಿ ಕಬ್ಬಿನ ದೊರೆತನವು ಬಹಳ ಹಳೆಯದಲ್ಲ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯು ಮುಗಿದು, ಇರ್ವಿನ್ ನಾಲೆಯೆಂದು ಆಗ ಕರೆಯುತ್ತಿದ್ದ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದ ಮೇಲೆ, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆಯ ಕಂಪೆನಿಯು ಸ್ಥಾಪಿತವಾಯಿತು. ಅದಕ್ಕೆ ಮೊದಲು ಈ ಬಯಲಿನ ಬಹುಭಾಗವು ಮಳೆಯನ್ನೇ ನಂಬಿದ ರಾಗಿಯ ನೆಲವಾಗಿದ್ದಿತು. ಆದುದರಿಂದ ಗೋಡೆಯ ನಡುವೆ ರಾಗಿಗೇ ಪೀಠವನ್ನು ಕೊಡಬೇಕೆಂಬುದು ನಮ್ಮ ಅಭಿಪ್ರಾಯ. ಕಬ್ಬು ಪಕ್ಕದಲ್ಲಿ ನಿಲ್ಲಲಿ.

ಮಾಡುವ ಕ್ರಮ ಹೀಗೆ. ಮಕ್ಕಳ ಪುಸ್ತಕಗಳಿಗೆ ಹೊದಿಕೆ ಹಾಕುವ ಕಂದು ಕಾಗದವು ಪ್ರತಿ ಮನೆಯಲ್ಲಿಯೂ ಉಳಿದಿರುವುದು, ಹಳೆಯದಾದರೂ ಚಿಂತೆಯಿಲ್ಲ. ಮನೆಯವರೆಲ್ಲರೂ, ಅಜ್ಜನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ, ಒಂದೊಂದು ಅಂಗೈಯನ್ನು ಅದರ ಮೇಲಿಟ್ಟು ಸೀಸದ ಕಡ್ಡಿಯಿಂದ ಗೆರೆಯೆಳೆಯಿಸಿಕೊಳ್ಳಲಿ. ಕೂಸಿನ ಕೈಯನ್ನು ಮಾತ್ರ ಅದು ನಿದ್ದೆಹೋದಾಗ ಬಿಡಿಸತಕ್ಕದ್ದು. ಎಚ್ಚರವಿದ್ದಾಗ ಯತ್ನಿಸಿ ನಾವು ಕಾಗದವನ್ನೂ ಸೀಸದ ಕಡ್ಡಿಯನ್ನೂ ಕಳೆದುಕೊಂಡಿದ್ದೇವೆ. ಮಣಿಕಟ್ಟಿನ ಕೆಳಗೆ ಎರಡು ಅಂಗುಲದಷ್ಟು ಕಾಗದವನ್ನು ಕಾವಿನಂತೆ ಉಳಿಸಿ ಕತ್ತರಿಸಬೇಕು. ಬಳಿಕ ಒಂದೊಂದು ಬೆರಳನ್ನೂ ಸೀಸದ ಕಡ್ಡಿಗೆ ಸುತ್ತಿ ಬಿಟ್ಟರೆ ತಾನೇ ಒಳಕ್ಕೆ ಬಾಗುವುದು. ಬೆರಳುಗಳ ಹೊರಮೈಗೆ ತೆಳ್ಳಗೆ ಅಂಟನ್ನು ಸವರಿ, ಮೊರದಲ್ಲಿ ಹರಡಿದ ರಾಗಿಯ ಮೇಲೆ ಒಮ್ಮೆ ಒತ್ತಿ ತೆಗೆದರೆ ಕಾಳು ಕೂರುವುದು. ಕಾವಿನ ಹಿಂಬದಿಗೆ ತೆಂಗಿನ ಪೊರಕೆಯ ಕಡ್ಡಿಯೊಂದನ್ನು ಅಂಟಿಸಿರಿ. ಇಷ್ಟೇ.

ಅಂಟಿನ ವಿಷಯದಲ್ಲಿ ಎರಡು ಮಾತು ಹೆಚ್ಚಾಗಿ ಹೇಳಬೇಕಾಗಿದೆ. ಮೂರು ದೊಡ್ಡ ಚಮಚ ಮೈದಾಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಒಂದು ಲೋಟ ಕುದಿಯುವ ನೀರಿಗೆ ಹೊಯ್ದು, ಬಿಡದೆ ತಿರುವುತ್ತಿದ್ದರೆ ಸ್ವಲ್ಪ ಹೊತ್ತಿನಲ್ಲಿ ಅದು ಹೊಳಪೇರಿ ಗಟ್ಟಿಯಾಗುವುದು. ಆರಿದ ಮೇಲೆ ಬಳಸಬಹುದು. ಹಿಂದಿನವರು ಹುಳು ಹತ್ತದಿರಲೆಂದು ಇದಕ್ಕೆ ಮೈಲುತುತ್ತವನ್ನು ಸೇರಿಸುತ್ತಿದ್ದರು. ಅದು ವಿಷ. ಬೆರಳು ನೆಕ್ಕುವ ಮಕ್ಕಳಿರುವ ಮನೆಯಲ್ಲಿ ಅದು ಬೇಡವೇ ಬೇಡ. ಮೇಲಾಗಿ ಹಬ್ಬ ಕಳೆದ ಬಳಿಕ ಈ ತೆನೆಯ ಕಾಳನ್ನು ಗುಬ್ಬಿ ಅಳಿಲುಗಳಿಗೆ ಬಿಡತಕ್ಕದ್ದಾಗಿದೆ. ಅಂದಂದಿನ ಅಂಟನ್ನು ಅಂದಂದೇ ಕಾಯಿಸಿಕೊಳ್ಳುವುದೇ ಲೇಸು. ಇನ್ನೂ ಬಿಗಿಯಾದ ಅಂಟು ಬೇಕೆಂಬವರು ಹುಣಸೆಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಯಿಟ್ಟು, ಅರೆದು ಬೇಯಿಸಿಕೊಳ್ಳಬಹುದು. ಕಂಬಳಿ ನೇಯುವವರು ಎಳೆಗಳಿಗೆ ಹಾಕುವ ಗಂಜಿಯೂ ಇದರದೇ. ಇದರ ಬಣ್ಣ ಸ್ವಲ್ಪ ಕಂದು. ರಾಗಿತೆನೆಗೆ ಅದು ದೋಷವಲ್ಲ.

ಭತ್ತದ ತೆನೆಗೆ ಹಳೆಯ ಲಗ್ನಪತ್ರಿಕೆಗಳಷ್ಟು ಒಳ್ಳೆಯ ಕಾಗದವಿಲ್ಲ. ದಪ್ಪವೂ ಉಂಟು, ಅನೇಕವು ಅರಿಸಿನದ ಬಣ್ಣದವೇ ಆಗಿರುವುವು. ದೇವರ ಚಿತ್ರವಿರುವ ಭಾಗವನ್ನು ಮೊದಲು ಬೇರ್ಪಡಿಸಿಡಿರಿ. ಇಲ್ಲವಾದರೆ ಮನೆಯ ಹಿರಿಯರು ಕತ್ತರಿಯನ್ನು ಕಸಿದುಕೊಳ್ಳುವರು. ಎರಡು ಬೆರಳು ಅಗಲದ ಪಟ್ಟಿಯ ಒಂದು ಅಂಚನ್ನು ಒತ್ತೊತ್ತಾಗಿ ಸೀಳಿ, ಪೊರಕೆಯ ಕಡ್ಡಿಗೆ ಓರೆಯಾಗಿ ಸುತ್ತಿಕೊಂಡು ಹೋದರೆ ತೆನೆಯ ಆಕಾರ ಬರುವುದು. ತುದಿಯನ್ನು ಬಾಗಿಸಲು ಮರೆಯಬಾರದು. ನೆಟ್ಟಗೆ ನಿಂತ ತೆನೆಯಲ್ಲಿ ಕಾಳಿಲ್ಲವೆಂದು ರೈತನು ಓದುವನು.

ಸಂಕ್ರಾಂತಿಗೆ ತರುವ ಕರಿಕಬ್ಬನ್ನು ಮಾಡಲು ವೃತ್ತಪತ್ರಿಕೆಯನ್ನು ಬಿಗಿಯಾಗಿ ಸುರುಳಿ ಸುತ್ತಿ, ಮೇಲೆ ಬಿಳಿಯ ಕಾಗದವನ್ನು ಹೊದಿಸಿ, ಕೆಂಪು ದಾಸವಾಳದ ಎಸಳನ್ನು ಅದರ ಮೇಲೆ ಉಜ್ಜಿರಿ. ಹೂವು ಕೆಂಪಾದರೂ ಕಾಗದದ ಮೇಲೆ ಬೀಳುವ ಬಣ್ಣ ನೇರಿಳೆ. ಮಕ್ಕಳಿಗೆ ಇದೊಂದು ಸೋಜಿಗ. ನಾಲ್ಕು ನಾಲ್ಕು ಬೆರಳಿಗೊಂದರಂತೆ ಹುರಿಯನ್ನು ಸುತ್ತಿದರೆ ಗೆಣ್ಣು. ಇನ್ನೊಂದು ಸೋಜಿಗವನ್ನೂ ತೋರಿಸಬಹುದು: ಅರಿಸಿನದ ನೀರನ್ನು ಬಳಿದು ಒಣಗಿಸಿದ ಹಳದಿಯ ಕಾಗದದ ಮೇಲೆ ಸುಣ್ಣದ ತಿಳಿನೀರನ್ನು ಕಡ್ಡಿಯಿಂದ ಎಳೆದರೆ ಗೆರೆಯು ಕೆಂಪಾಗಿ ಮೂಡುವುದು. ಆರತಿಯ ತಟ್ಟೆಯ ಓಕುಳಿಯ ಗುಟ್ಟು ಇದೇ. ಸುಣ್ಣದ ಕೆಲಸವನ್ನು ದೊಡ್ಡವರೇ ಮಾಡಬೇಕು. ಅರಿಸಿನದ ಬಣ್ಣವು ಬಿಸಿಲಿಗೆ ನಿಲ್ಲದು. ಕಿಟಕಿಯ ಎದುರಿನ ಗೋಡೆಯನ್ನು ಬಿಟ್ಟು ನೆರಳಿನ ಗೋಡೆಯನ್ನು ಆರಿಸಿಕೊಳ್ಳಿರಿ.

ಮದ್ದೂರಿನವರು ಇವುಗಳ ಜೊತೆಗೆ ಒಂದು ಎಳನೀರಿನ ಗೊನೆಯನ್ನು ಸೇರಿಸದಿದ್ದರೆ ಅವರ ಊರಿನ ಎಳನೀರಿನ ಮಾರುಕಟ್ಟೆಗೆ ಅವಮಾನವಾದೀತು. ಹಸುರು ಕಾಗದದ ಉಂಡೆಗಳು ಸಾಕು. ಮಳವಳ್ಳಿಯ ಕಡೆ ರೇಷ್ಮೆ ಸಾಕುವ ಮನೆಗಳವರು ಹಿಪ್ಪುನೇರಳೆಯ ಎಲೆಯನ್ನು ಕತ್ತರಿಸಬಹುದು.

ಇದೆಲ್ಲವನ್ನೂ ಗೋಡೆಗೆ ನೇರವಾಗಿ ಅಂಟಿಸಬಾರದು. ಸುಣ್ಣದ ಗೋಡೆಯಾದರೆ ಅಂಟು ಹಿಡಿಯದು, ಬಣ್ಣದ ಗೋಡೆಯಾದರೆ ಬಣ್ಣವೇ ಕಿತ್ತು ಬರುವುದು. ಎರಡು ಅಡಿ ಅಗಲ, ಮೂರು ಅಡಿ ಉದ್ದದ ಗೋಣಿತಾಟನ್ನು ಒಗೆದು ಒಣಗಿಸಿ, ದಬ್ಬಳದಿಂದ ಕಡ್ಡಿಗಳನ್ನು ಅದಕ್ಕೆ ಹೊಲಿದು, ಮೇಲಂಚಿಗೆ ಬಿದಿರಿನ ದಬ್ಬೆಯನ್ನು ಸೇರಿಸಿ, ಇರುವ ಮೊಳೆಗೇ ತೂಗುಹಾಕತಕ್ಕದ್ದು. ಒಂದು ವರ್ಷ ನಾವು ಅಂದವಾಗಲೆಂದು ಬಿದಿರಿನ ಬದಲು ನಿಜವಾದ ಕಬ್ಬಿನ ಜಲ್ಲೆಯನ್ನೇ ಸೇರಿಸಿದೆವು. ಬೆಳಗಾಗುವುದರೊಳಗೆ ಊರಿನ ಇರುವೆಗಳೆಲ್ಲ ನಮ್ಮ ನಡುಮನೆಯಲ್ಲಿ ಹಬ್ಬ ಮಾಡುತ್ತಿದ್ದುವು.

ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ತೋರಣವಿರುವಾಗ ಇಷ್ಟು ಶ್ರಮವೇಕೆಂದು ಕೇಳುವವರುಂಟು. ಶೃಂಗಾರದ ಥರ್ಮಾಕೋಲನ್ನು 2022ನೆಯ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧಿಸಲಾಗಿದೆ. ಹಾಗಿದ್ದರೂ ಅದೂ ಪ್ಲಾಸ್ಟಿಕ್ಕಿನ ಹೂಮಾಲೆಗಳೂ ಸಂತೆಗಳಲ್ಲಿ ಕಣ್ಣಿಗೆ ಬೀಳುತ್ತಲೇ ಇವೆ. ಹಬ್ಬದ ಮರುದಿನ ಅವೆಲ್ಲ ತಿಪ್ಪೆಗೆ ಹೋಗುವುವು. ತಿಪ್ಪೆಯನ್ನು ಕೆದಕುವುದು ಯಾರು? ಹಿಂದಿನ ಸಂಜೆ ಮೈತೊಳೆಸಿ, ಕೊಂಬಿಗೆ ಬಣ್ಣ ಬಳಿದು, ಕಿಚ್ಚು ಹಾಯಿಸಿ, ಕೈಮುಗಿದು ಕಳುಹಿಸಿದ ಅದೇ ದನ. ಈ ಒಂದು ಮಾತಿಗೆ ನಮಗೆ ಯಾರಿಂದಲೂ ಸಮಾಧಾನ ದೊರೆತಿಲ್ಲ.

ಇನ್ನು ಅಂಗೈಯೊಳಗೆ ಬರೆಯುವ ವಿಷಯ. ಅಮೆರಿಕೆಯ ಮಕ್ಕಳು ತಾವು ಯಾರಿಗೆ ಋಣಿಗಳೆಂಬುದನ್ನು ಕಾಗದದ ಎಲೆಗಳ ಮೇಲೆ ಬರೆದು ತೂಗುಹಾಕುವ ಪದ್ಧತಿಯುಂಟು. ನಮ್ಮ ಕಾಗದದ ತೆನೆಯ ಅಂಗೈಯಲ್ಲಿಯೂ ಒಂದು ಹೆಸರಿಗೆ ಸ್ಥಳವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಮತ್ತು ವಿಶ್ವೇಶ್ವರಯ್ಯನವರ ಪಟಗಳು ಮಂಡ್ಯದ ಅನೇಕ ಮನೆಗಳಲ್ಲಿ ಮೊದಲೇ ಇರುವುವು. ಅವರ ಹೆಸರನ್ನು ಬರೆಯಲು ಯಾರಿಗೂ ಹೇಳಿಕೊಡಬೇಕಾಗಿಲ್ಲ. ರಾಗಿಯ ತೆನೆಯ ಮೇಲೆ ಬರೆಯಲು ಲಕ್ಷ್ಮಣಯ್ಯನವರ ಹೆಸರು ಹೆಚ್ಚು ಯುಕ್ತವೆಂದು ತೋರುವುದು. ಮಂಡ್ಯದ ವಿ.ಸಿ. ಫಾರಮ್ಮಿನಲ್ಲಿದ್ದುಕೊಂಡು, ನಮ್ಮ ರಾಗಿಗೂ ಆಫ್ರಿಕಾ ಖಂಡದ ರಾಗಿಗೂ ಸಂಕರ ಮಾಡಿ, ಹೆಚ್ಚು ಇಳುವರಿಯ ಇಂಡಾಫ್ ತಳಿಗಳನ್ನು ರೈತರ ಕೈಗೆ ಕೊಟ್ಟವರು ಅವರು. ಜನರು ಅವರನ್ನು ರಾಗಿಬ್ರಹ್ಮನೆಂದು ಕರೆದರು. ಅನ್ನವನ್ನುಣ್ಣುವ ಎಷ್ಟು ಮಕ್ಕಳಿಗೆ, ಮುದ್ದೆಯನ್ನುಣ್ಣುವ ಎಷ್ಟು ದೊಡ್ಡವರಿಗೆ ಈ ಹೆಸರು ಗೊತ್ತು?

ಆದರೆ ಪ್ರಸಿದ್ಧರ ಹೆಸರಿನಲ್ಲಿಯೇ ಕೆಲಸವು ಮುಗಿಯುವುದಿಲ್ಲವೆಂಬುದನ್ನು ನಾವು ಒಂದು ವರ್ಷ ಕಲಿಯಬೇಕಾಯಿತು. ನಮ್ಮ ಮನೆಯ ಜಮೀನಿರುವುದು ಮಳವಳ್ಳಿಯ ಕಡೆ, ನಾಲೆಯ ಕೊನೆಯ ಭಾಗದಲ್ಲಿ. ಮೇಲಿನವರಿಗೆ ನೀರು ಹೆಚ್ಚಾದಾಗಲೂ ನಮ್ಮವರು ತೂಬಿನ ಬಳಿ ಕಾದು ಕುಳಿತಿರುವುದುಂಟು. 2023ರಲ್ಲಿ ಮುಂಗಾರು ಕೈಕೊಟ್ಟಿತು. ಕೃಷ್ಣರಾಜಸಾಗರದ ನೀರು 124.80 ಅಡಿಯ ಪೂರ್ಣಮಟ್ಟವನ್ನು ಮುಟ್ಟಲೇ ಇಲ್ಲ. ಕಾವೇರಿಯ ನೀರಿಗಾಗಿ ಸೆಪ್ಟೆಂಬರಿನಲ್ಲಿ ಮಂಡ್ಯದ ಬೀದಿಗಳು ಬಾಗಿಲು ಹಾಕಿಕೊಂಡುವು. ನಮ್ಮ ಗದ್ದೆಗೆ ನಾಟಿ ಬೀಳಲಿಲ್ಲ. ಮೇವು ಮುಗಿದು, ಕೊಳ್ಳುವ ಶಕ್ತಿಯಿಲ್ಲದೆ, ಹನ್ನೊಂದು ವರ್ಷ ನೊಗಕ್ಕೆ ಹೆಗಲು ಕೊಟ್ಟಿದ್ದ ಹಳ್ಳಿಕಾರ್ ಜೋಡಿಯನ್ನು ಮಾರಬೇಕಾಯಿತು. ಕೊಟ್ಟಿಗೆಯನ್ನು ಗುಡಿಸುವುದನ್ನು ಮಾತ್ರ ನಮ್ಮ ಅತ್ತೆಯವರು ನಿಲ್ಲಿಸಲಿಲ್ಲ.

2024ರ ಜನವರಿ 15ರಂದು ಸಂಕ್ರಾಂತಿ ಬಂದಿತು. ಹಿಂದಿನ ದಿನ ಮಗುವು ಕಂದು ಕಾಗದ, ಕತ್ತರಿಗಳನ್ನು ಹರಡಿಕೊಂಡು ಕುಳಿತಾಗ ಅತ್ತೆಯವರು ಬಾಗಿಲಲ್ಲಿ ನಿಂತು, "ಬೆಳೆನೇ ಬರ್ನಿಲ್ಲ ಕಣವ್ವ, ಏನಂತ ಗೋಡೆಗೆ ಕಟ್ಟೀಯೆ?" ಎಂದರು.

ಮಗುವಿಗೆ ಉತ್ತರ ತೋಚಲಿಲ್ಲ, ನಮಗೂ ತೋಚಲಿಲ್ಲ. ಎಳ್ಳು ಬೀರಲು ತಟ್ಟೆಯನ್ನು ಜೋಡಿಸುವ ನೆಪದಲ್ಲಿ ನಾವು ಒಳಗೆ ಹೋದೆವು. ತಿರುಗಿ ಬಂದಾಗ ಎರಡು ಕೈಗಳು ಸಿದ್ಧವಾಗಿದ್ದುವು. ಒಂದರಲ್ಲಿ "ಬಿಳಿಯ" ಎಂದೂ ಇನ್ನೊಂದರಲ್ಲಿ "ಕೆಂದ" ಎಂದೂ ಬರೆದಿದ್ದಿತು. ಅವು ಆ ಎತ್ತುಗಳ ಹೆಸರು. ಎತ್ತಿಗೆ ಕೈಯೆಲ್ಲಿದೆಯೆಂದು ಅಣ್ಣನು ನಕ್ಕನು. "ನಂದೇ ಕೊಟ್ಟಿದೀನಿ" ಎಂದು ಮಗುವು ಹೇಳಿತು.

ಅತ್ತೆಯವರು ಬಹಳ ಹೊತ್ತು ಆ ಕಾಗದಗಳನ್ನು ಹಿಡಿದುಕೊಂಡಿದ್ದರು. ಬಳಿಕ ತಮ್ಮ ಕೈಯನ್ನೂ ಹಾಳೆಯ ಮೇಲಿಟ್ಟು, ಗೆರೆಯೆಳೆಯೆಂದರು. ಅದರೊಳಗೆ ಬರೆಸಿದ್ದು ದೇವರ ಹೆಸರನ್ನಲ್ಲ, ರಾಜರ ಹೆಸರನ್ನಲ್ಲ. ಇಪ್ಪತ್ತು ವರ್ಷ ನಮ್ಮ ಗದ್ದೆಗೆ ನಾಟಿ ಹಾಕಲು ಬರುತ್ತಿದ್ದು, ಆ ವರ್ಷ ಕೆಲಸವಿಲ್ಲದೆ ಬೆಂಗಳೂರಿನ ಕಟ್ಟಡಗಳ ಕೂಲಿಗೆ ಹೋದ ಹೆಂಗಸಿನ ಹೆಸರನ್ನು. ಅಷ್ಟು ವರ್ಷಗಳಲ್ಲಿ ನಾವು ಮಾಡಿದ ಯಾವ ತೋರಣದಲ್ಲಿಯೂ ಆಕೆಗೆ ಸ್ಥಳವಿರಲಿಲ್ಲ. ನೆನಪಿಗೇ ಬಂದಿರಲಿಲ್ಲವೆಂದು ಒಪ್ಪಿಕೊಳ್ಳಬೇಕಾಗಿದೆ. ಆ ಸಂಜೆ ನೆರೆಮನೆಯವರ ದನಗಳು ಕಿಚ್ಚು ಹಾಯುವುದನ್ನು ನೋಡಲು ನಮ್ಮ ಮನೆಯಿಂದ ಮಕ್ಕಳು ಮಾತ್ರ ಹೋದರು. ನಡುಮನೆಯ ಗೋಣಿತಾಟಿನ ಮೇಲೆ ಮೂರೇ ತೆನೆಗಳಿದ್ದುವು.

ಮಳವಳ್ಳಿಯ ವಾಚಕರು ತಮ್ಮ ಮೊಮ್ಮಗಳಿಂದ ಎಷ್ಟು ತೆನೆಗಳನ್ನು ಬೇಕಾದರೂ ಮಾಡಿಸಲಿ. ಯಾರ ಹೆಸರನ್ನು ಬರೆಯಬೇಕೆಂಬುದನ್ನು ಮಾತ್ರ ಮಗುವಿಗೇ ಬಿಡುವುದೊಳ್ಳೆಯದು. ತಿಳಿಯದಿದ್ದರೆ ಅವಳೇ ಕೇಳುವಳು. ನೀರು ಬಿಡುವ ನೀರುಗಂಟಿ ಯಾರು, ಕಣದಲ್ಲಿ ತೂರಿದವರು ಯಾರು, ಬೆಲ್ಲದ ಆಲೆಮನೆಯಲ್ಲಿ ಕೊಪ್ಪರಿಗೆಯ ಬಳಿ ನಿಂತವರು ಯಾರು ಎಂದು ಅವಳಿಗೆ ಹೇಳಿಕೊಡುವಾಗ ದೊಡ್ಡವರಿಗೇ ಕೆಲವು ಹೆಸರುಗಳು ಮರೆತಿರುವುದು ಗೊತ್ತಾಗಬಹುದು. ಆಗ ಪಕ್ಕದ ಮನೆಯವರನ್ನು ಕೇಳಿಯಾದರೂ ಸರಿಯಾಗಿ ಬರೆಯಿಸಿರಿ.

ತೆನೆಗಳನ್ನು ರಥಸಪ್ತಮಿಯವರೆಗೆ ಇಟ್ಟುಕೊಂಡರೆ ಸಾಕು. ಬಳಿಕ ಕಾಳನ್ನು ಅಂಗಳದಲ್ಲಿ ಉದುರಿಸಿ ಕಾಗದವನ್ನು ಗೊಬ್ಬರದ ಗುಂಡಿಗೆ ಹಾಕಬಹುದು; ಮಿರುಗುವ ಲೇಪವಿರುವ ಲಗ್ನಪತ್ರಿಕೆಯ ಕಾಗದ ಕೊಳೆಯದಾದುದರಿಂದ ಅದನ್ನು ಬೇರೆ ತೆಗೆದಿಡಬೇಕು. ಯಾವುದನ್ನಾದರೂ ಕಾಪಾಡಿ ಇಡಬೇಕೆಂದಿದ್ದರೆ ಕಾಳನ್ನು ಪೂರ್ತಿ ತೆಗೆದು, ಒಂದು ದಿನ ಬಿಸಿಲಿಗಿಟ್ಟು, ಒಣಗಿದ ಬೇವಿನೆಲೆಯ ನಡುವೆ ಮಡಿಸದೆ ಇಡಿರಿ. ನಾವು ಬೇವಿನೆಲೆಯನ್ನು ಇಟ್ಟಿರಲಿಲ್ಲ. ಅತ್ತೆಯವರ ಟ್ರಂಕಿನಲ್ಲಿ, ಸೀರೆಗಳ ನಡುವೆ ಇದ್ದ ಆ ಮೂರು ಕೈಗಳನ್ನು ಮೊನ್ನೆ ಹೊರಗೆ ತೆಗೆದಾಗ, ಮೈದಾ ಅಂಟಿನ ರುಚಿಗೆ ಬಂದ ಹುಳು ಕೆಂದನ ಕಿರುಬೆರಳನ್ನು ತಿಂದುಹಾಕಿದ್ದಿತು.